ದೇವರ ಪಾಲಿನ ಎಣ್ಣೆ

‘ಯಾವ್ದಾದ್ರೂ ಕೊಡಿ ಅಣ್ಣ, ದೀಪಕ್ಕೆ ತಾನೆ?’ ನಂಜನಗೂಡಿನ ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಈ ಮಾತು ಕೇಳದ ದಿನವಿಲ್ಲ. ತಾತ ಹಾಕಿದ ಅಂಗಡಿ, ಅಪ್ಪ ನಡೆಸಿದರು, ಈಗ ಗಲ್ಲಾದ ಮುಂದೆ ನಾನು ಕೂರುತ್ತೇನೆ.

ತಾತನ ಕಾಲದಲ್ಲಿ ವಿಭೂತಿ, ಜನಿವಾರ, ದರ್ಭೆಗಳ ಪಕ್ಕದಲ್ಲೇ ಹಿಪ್ಪಲಿ, ಜೇಷ್ಠಮಧು, ಬಜೆಯ ಡಬ್ಬಗಳಿದ್ದವು. ಹೋಮದ ಪಟ್ಟಿ ಹಿಡಿದು ಬಂದವರಿಗೂ ಮಗುವಿಗೆ ಬಜೆ ತೇಯಲು ಬಂದವರಿಗೂ ಒಂದೇ ತಕ್ಕಡಿ. ದೇವರಿಗೆಂದು ಬೇರೆ ದರ್ಜೆಯ ಸಾಮಾನು ಇರಲಿಲ್ಲ. ಕುಂಕುಮವನ್ನು ಅಜ್ಜಿ ಮನೆಯಲ್ಲೇ ಮಾಡುತ್ತಿದ್ದರು. ಅರಿಸಿನದ ಕೊಂಬಿನ ಚೂರುಗಳಿಗೆ ನಿಂಬೆರಸ, ಬಿಳಿಗಾರ, ಪಟಿಕ ಬೆರೆಸಿ ನೆರಳಿನಲ್ಲಿ ಹರವುತ್ತಿದ್ದರು. ಹಳದಿ ಕೆಂಪಾಗುವುದನ್ನು ನಾವು ಹುಡುಗರು ಹೋಗಿ ಹೋಗಿ ನೋಡುತ್ತಿದ್ದೆವು. ಒಣಗಿದ ಮೇಲೆ ಕುಟ್ಟಿ, ವಸ್ತ್ರಗಾಳಿತ ಮಾಡಿ, ತುಸು ತುಪ್ಪ ಸವರಿ ಎತ್ತಿಡುತ್ತಿದ್ದರು. ಈಗ ಬರುವ ಅಗ್ಗದ ಪೊಟ್ಟಣಗಳಲ್ಲಿ ಬಣ್ಣವೇ ಹೆಚ್ಚು. ಹಣೆ ಕಡಿದು ಕಪ್ಪಾಯಿತೆಂದು ಹೆಣ್ಣುಮಕ್ಕಳು ಬಂದು ಹೇಳುತ್ತಾರೆ.

ದೀಪದೆಣ್ಣೆಯ ಎಷ್ಟೋ ಬಾಟಲಿಗಳ ಮೇಲೆ ‘ತಿನ್ನಲು ಯೋಗ್ಯವಲ್ಲ’ ಎಂದು ಅಚ್ಚಾಗಿರುತ್ತದೆ. ಮನುಷ್ಯ ಮುಟ್ಟದ ಎಣ್ಣೆ, ತುಪ್ಪ, ಸೊರಗಿದ ಅಡಿಕೆಗಳೆಲ್ಲ ‘ಪೂಜೆಗೆ’ ಎಂಬ ಹೆಸರು ಹೊತ್ತು ಬರುತ್ತವೆ. ಆರತಿಯ ಕರ್ಪೂರ ಬಹುಪಾಲು ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾಗುವಂಥದ್ದು. ಪಚ್ಚಕರ್ಪೂರ ದುಬಾರಿಯೆಂದು ಈ ಆರತಿ ಕರ್ಪೂರವನ್ನೇ ತೀರ್ಥಕ್ಕೆ ಕೇಳುವವರಿದ್ದಾರೆ. ಅದು ಹೊಟ್ಟೆಗೆ ವಿಷ, ನಾನು ಕೊಡುವುದಿಲ್ಲ.

‘ದೇವರು ನೋಡೋದು ಭಕ್ತಿಯನ್ನ, ಎಣ್ಣೆಯನ್ನಲ್ಲ’ ಎನ್ನುತ್ತಾರೆ. ನಿಜ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಕೇಳಿದ್ದೂ ಎಲೆ, ಹೂವು, ಹಣ್ಣು, ನೀರನ್ನೇ. ಯಾವುದಕ್ಕೂ ದೊಡ್ಡ ದುಡ್ಡು ಬೇಡ. ಆದರೆ ಬಡವನ ಒಂದು ಎಲೆಗೂ ಉಳ್ಳವನು ಲೆಕ್ಕ ಹಾಕಿ ಆರಿಸಿದ ಕಳಪೆ ಎಣ್ಣೆಗೂ ಅಜಗಜಾಂತರವಿದೆ. ಒಗ್ಗರಣೆಗೆ ಒಳ್ಳೆಯದು, ದೇವರಿಗೆ ಉಳಿದದ್ದು ಎಂದು ಕೈ ಆರಿಸುವಾಗ ಭಕ್ತಿ ಎಲ್ಲಿತ್ತು?

ನಮ್ಮ ಶ್ರೀಕಂಠೇಶ್ವರನ ಗುಡಿಯಲ್ಲಿ ಅರವತ್ತಮೂವರು ಪುರಾತನರ ಮೂರ್ತಿಗಳಿವೆ. ಅವರಲ್ಲಿ ಬೇಡರ ಕಣ್ಣಪ್ಪನೂ ಒಬ್ಬ. ಅವನು ಮಾಂಸವನ್ನು ಮೊದಲು ತಾನು ಕಚ್ಚಿ ರುಚಿ ನೋಡಿ, ಚೆನ್ನಾಗಿದ್ದ ತುಂಡನ್ನಷ್ಟೇ ಶಿವನಿಗೆ ಇಟ್ಟ. ಎಂಜಲಾಯಿತೆಂದು ಅರ್ಚಕನಿಗೆ ಸಂಕಟ. ಶಿವನಿಗೆ ಅದೇ ಒಪ್ಪಿಗೆ. ಮಡಿಯಲ್ಲಿ ನಿಂತು ನಾವು ಕೊಡುತ್ತಿರುವುದು ನಾಲಿಗೆಗೆ ಸೋಕಿಸಲಾಗದ ವಸ್ತುವನ್ನು. ಇವೆರಡರಲ್ಲಿ ಮೈಲಿಗೆ ಯಾವುದೆಂದು ಹೇಳಲು ನನಗೆ ಶಾಸ್ತ್ರ ಬೇಕಾಗಿಲ್ಲ.

ನಮ್ಮಲ್ಲಿ ಎರಡು ಬಗೆಯ ಎಣ್ಣೆಯೂ ಇದೆ. ಅಗ್ಗದ್ದನ್ನು ಕೇಳಿದವರಿಗೆ ಬಾಟಲಿ ತಿರುಗಿಸಿ, ಬರೆದದ್ದನ್ನು ಓದಿಸಿಯೇ ಕೊಡುತ್ತೇನೆ. ನೀವೂ ಓದಿ. ತಿನ್ನುವಂಥದ್ದಲ್ಲ ಎಂದಿದ್ದರೆ ಅಲ್ಲೇ ಇಟ್ಟುಬಿಡಿ. ಅಡುಗೆಮನೆಯ ಎಣ್ಣೆಯಲ್ಲೇ ಎರಡು ಬತ್ತಿಯ ಬದಲು ಒಂದು ಹಚ್ಚಿ. ನನಗೆ ಅಷ್ಟು ವ್ಯಾಪಾರ ಕಡಿಮೆಯಾದರೂ ಚಿಂತೆಯಿಲ್ಲ.