ವಿಶ್ರಾಂತಿಯೂ ಕರ್ತವ್ಯವೇ?

ಪರರ ಆರೋಗ್ಯವನ್ನು ಕಾಯುವ ವಿದ್ಯೆಯನ್ನು ಕಲಿಯುತ್ತಿರುವವರು ತಮ್ಮ ಆರೋಗ್ಯವನ್ನೇ ಕಡೆಗಣಿಸಿದರೆ ಅದು ತ್ಯಾಗವೋ, ಪ್ರಮಾದವೋ? ವೈದ್ಯಕೀಯ, ಶುಶ್ರೂಷೆ, ಭೌತಚಿಕಿತ್ಸೆ ಮೊದಲಾದ ಶಾಸ್ತ್ರಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆ ಕೇವಲ ತಾತ್ತ್ವಿಕವಾದುದಲ್ಲ. ಹಗಲು ವಾರ್ಡಿನಲ್ಲಿ ರೋಗಿಗಳ ಆರೈಕೆ, ಸಂಜೆ ಪಾಠ, ರಾತ್ರಿ ಪಾಳಿ. ಇವುಗಳ ನಡುವೆಯೇ ಪ್ರಬಂಧರಚನೆ ಮತ್ತು ಪರೀಕ್ಷೆಯ ಸಿದ್ಧತೆ. ಊಟ, ನಿದ್ರೆ, ತಂದೆತಾಯಿಗಳೊಡನೆ ಎರಡು ಮಾತು, ಇವೆಲ್ಲ ಉಳಿದ ವೇಳೆಯಲ್ಲಿ ಆಗಬೇಕು. ಆದರೆ ವೇಳೆಯೇ ಉಳಿಯುವುದಿಲ್ಲ.

ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಮನೋವೈದ್ಯ ಅಡಾಲ್ಫ್ ಮೇಯರ್ ಅವರು 1922ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಕೆಲಸ, ವಿನೋದ, ವಿಶ್ರಾಂತಿ, ನಿದ್ರೆ ಎಂಬ ನಾಲ್ಕರ ಲಯವನ್ನು ಕಷ್ಟಕಾಲದಲ್ಲಿಯೂ ಮನುಷ್ಯನು ಕಾಯ್ದುಕೊಳ್ಳಬೇಕೆಂದು ಪ್ರತಿಪಾದಿಸಿದರು. ನಾಲ್ಕಕ್ಕೂ ಸಮಪಾಲು ಹಂಚುವುದು ಸಮತೋಲನವಲ್ಲ. ಒಂದು ಮತ್ತೊಂದನ್ನು ನುಂಗದಂತೆ ನೋಡಿಕೊಳ್ಳುವುದೇ ಸಮತೋಲನ.

ರೋಗಿಯ ನೋವು ಗಡಿಯಾರ ನೋಡಿ ಬರುವುದಿಲ್ಲವೆಂದು ಕೆಲವರು ಆಕ್ಷೇಪಿಸುವರು. ಅದು ನಿಜ. ಆದರೆ ಆ ರೋಗಿಗೆ ಬೇಕಾದುದು ಎಚ್ಚರವುಳ್ಳ ಕೈ. ಹದಿನೇಳು ಗಂಟೆಗಳ ಕಾಲ ನಿದ್ರೆಯಿಲ್ಲದವನ ಕೈಕಣ್ಣುಗಳ ಹೊಂದಾಣಿಕೆಯು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಾಂಶವಿರುವವನ ಮಟ್ಟಕ್ಕೆ ಇಳಿಯುವುದೆಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ಮದ್ಯವನ್ನು ಎಂದೂ ಮುಟ್ಟದ ಮನೆಯ ಮಗಳೂ ದೀರ್ಘ ಪಾಳಿಯ ಕೊನೆಯಲ್ಲಿ ಔಷಧದ ಪ್ರಮಾಣವನ್ನು ಲೆಕ್ಕ ಹಾಕುವಾಗ ಅಂಥದೇ ಮಬ್ಬಿನಲ್ಲಿರಬಹುದು. ಹಿಂಸೆಯು ದ್ವೇಷದಿಂದ ಮಾತ್ರವಲ್ಲ, ಎಚ್ಚರಗೇಡಿತನದಿಂದಲೂ ಘಟಿಸುವುದೆಂದು ಬಲ್ಲವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. 1948ರಲ್ಲಿ ರೂಪುಗೊಂಡ ಜಿನೀವಾ ಘೋಷಣೆ ಎಂಬ ವೈದ್ಯರ ಪ್ರತಿಜ್ಞೆಗೆ, ಉತ್ತಮ ಸೇವೆ ಸಲ್ಲಿಸುವ ಸಲುವಾಗಿ ಸ್ವಂತ ಆರೋಗ್ಯವನ್ನೂ ಕಾಪಾಡಿಕೊಳ್ಳುವ ವಚನವನ್ನು ವಿಶ್ವ ವೈದ್ಯಕೀಯ ಸಂಘವು 2017ರಲ್ಲಿ ಸೇರಿಸಿದ್ದು ಈ ಕಾರಣದಿಂದಲೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣವಾದುದು. ಒಬ್ಬನು ವಿಶ್ರಾಂತಿಗೆ ಹೋದರೆ ಅವನ ಹೊರೆ ಜೊತೆಗಾರನ ಹೆಗಲಿಗೆ ಬೀಳುತ್ತದೆ. ತನ್ನ ಸಮತೋಲನವನ್ನು ಮತ್ತೊಬ್ಬನ ನಿದ್ರೆಯ ಖರ್ಚಿನಲ್ಲಿ ಸಾಧಿಸುವುದು ಧರ್ಮವೇ? ಅಲ್ಲ. ಆದುದರಿಂದಲೇ ಇದು ವಿದ್ಯಾರ್ಥಿಯೊಬ್ಬನ ಶಿಸ್ತಿನಿಂದ ಬಗೆಹರಿಯುವ ವಿಷಯವಲ್ಲ. ಕೇಂದ್ರ ಸರ್ಕಾರವು 1992ರಲ್ಲಿ ನಿವಾಸಿ ವೈದ್ಯರ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆಗಳನ್ನು ಮೀರಬಾರದೆಂದು ಸೂಚಿಸಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು 2024ರಲ್ಲಿ ವಾರಕ್ಕೆ 74 ಗಂಟೆಗಳ ಮಿತಿಯನ್ನು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳ ನಂತರ ಮಿತಿಯೇ ಮೇಲೇರಬೇಕಾಯಿತೆಂದರೆ, ಹಳೆಯ ಮಿತಿ ಎಷ್ಟರಮಟ್ಟಿಗೆ ಪಾಲನೆಯಾಗಿತ್ತೆಂಬುದನ್ನು ಊಹಿಸಬಹುದು. ಸಾಕಷ್ಟು ಕೈಗಳನ್ನು ಒದಗಿಸದೆ ಇರುವ ಕೈಗಳನ್ನೇ ಸವೆಸುವ ವ್ಯವಸ್ಥೆಯು ತನ್ನ ಕೊರತೆಗೆ ತ್ಯಾಗವೆಂಬ ಹೆಸರಿಡುವುದು ನ್ಯಾಯವಲ್ಲ.

ಹಾಗೆಂದು ವಿದ್ಯಾರ್ಥಿಯ ಹೊಣೆ ತೀರಿತೆಂದಲ್ಲ. ದೊರೆತ ಅಲ್ಪ ಬಿಡುವನ್ನು ದೂರವಾಣಿಯ ಪರದೆಗೆ ಒಪ್ಪಿಸಿ, ಬಳಿಕ ನಿದ್ರೆಯಿಲ್ಲವೆಂದು ಹಲುಬುವುದು ಆತ್ಮವಂಚನೆ. ದಣಿದ ಮನಸ್ಸು ಸುಲಭವಾದುದನ್ನು ಬಯಸುವುದು ಸಹಜ. ಹಿತವಾದುದನ್ನು ಆರಿಸಿಕೊಳ್ಳುವುದು ಸಂಯಮ. ದಣಿದಿದ್ದೇನೆಂದು ಮೇಲಿನವರಿಗೆ ಸಕಾಲದಲ್ಲಿ ತಿಳಿಸುವುದು ಹೇಡಿತನವಲ್ಲ, ರೋಗಿಗೆ ಸಲ್ಲಿಸಬೇಕಾದ ಪ್ರಾಮಾಣಿಕತೆ.

ಹಿರಿಯರ ಪಾಲೂ ಇಲ್ಲಿದೆ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವಾಗ ಪರೀಕ್ಷೆಯ ಅಂಕವನ್ನು ವಿಚಾರಿಸುವ ಮುನ್ನ ನಿದ್ರೆಯಾಯಿತೇ, ಊಟವಾಯಿತೇ ಎಂದು ಕೇಳಬಹುದು. ವಿದ್ಯಾರ್ಥಿನಿಲಯಗಳನ್ನು ನಡೆಸುವ ಸಂಸ್ಥೆಗಳು, ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಹತ್ತಕ್ಕೆ ಮರಳುವವರಿಗೆ ಬಿಸಿ ಊಟವನ್ನೂ ಹಗಲು ಮಲಗಲು ಸದ್ದಿಲ್ಲದ ಕೋಣೆಯನ್ನೂ ಕಾದಿರಿಸಬಹುದು. ವಿದ್ಯಾರ್ಥಿವೇತನದಷ್ಟೇ ಇದೂ ವಿದ್ಯಾದಾನ. ಹೀಗೆ ಮಲಗಿ ಎದ್ದವರ ಕೈಗೆ ನಾಳೆ ಯಾರದೋ ಮನೆಯ ತಾಯಿಯ ಪ್ರಾಣ ಒಪ್ಪಿಸಲ್ಪಡುತ್ತದೆ.