ಸೋರುವ ಬೈಕು, ನಾಳೆ ನೋಡೋಣ ಎಂಬ ಚಾಳಿ

ಮನೆಯ ಕೆಳಗೆ ನಿಲ್ಲಿಸಿದ ಬೈಕಿನಿಂದ ಪೆಟ್ರೋಲ್ ಸೋರಲು ಒಂದು ವಾಷರ್ ಸವೆದರೆ ಸಾಕು, ಒಂದು ಪೈಪು ಬಿರಿದರೆ ಸಾಕು. ಅಷ್ಟರಮಟ್ಟಿಗೆ ಅದು ಯಂತ್ರದ ದೋಷ. ಆ ಸೋರಿಕೆ ವಾರಗಟ್ಟಲೆ ಉಳಿಯುವುದು ಮಾತ್ರ ಮನೆಯವರ ಅಭ್ಯಾಸದಿಂದ. ನೆಲದ ಮೇಲೆ ಕಲೆ ಕಂಡವರು "ಇರ್ಲಿ ಬಿಡಿ, ಎರಡು ಹನಿ ತಾನೆ, ಭಾನುವಾರ ಮೆಕ್ಯಾನಿಕ್‌ಗೆ ತೋರಿಸಿದ್ರಾಯ್ತು" ಎನ್ನುತ್ತಾರೆ. ಭಾನುವಾರ ಗ್ಯಾರೇಜಿಗೆ ರಜೆ, ಸೋಮವಾರ ಆಫೀಸಿನ ಗಡಿಬಿಡಿ. ಹೀಗೆ ಮುಂದೂಡಿದ ಕೆಲಸ ಮನೆಮಂದಿಯೆಲ್ಲ ಮಲಗುವ ಕೋಣೆಗಳ ಕೆಳಗೇ ಕೂತಿರುತ್ತದೆ. ಸಣ್ಣ ಅಪಾಯವನ್ನು ಕಂಡ ದಿನವೇ ಮುಗಿಸುವ ಗುಣ ಯಾರಿಗೂ ತಾನಾಗಿ ಬರುವುದಿಲ್ಲ. ಅದನ್ನು ಮೂಗಿಗೆ, ಕೈಗೆ, ನಾಲಿಗೆಗೆ ಬೇರೆಬೇರೆಯಾಗಿ ಕಲಿಸಬೇಕಾಗುತ್ತದೆ.

ಪೆಟ್ರೋಲಿನ ಸ್ವಭಾವ ತಿಳಿದರೆ ಈ ಅವಸರ ಏಕೆಂದು ಅರ್ಥವಾಗುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ಬೆಂಗಳೂರಿನ ತಂಪು ರಾತ್ರಿ ಅದಕ್ಕೆ ಯಾವ ಲೆಕ್ಕವೂ ಅಲ್ಲ. ಗಾಳಿಯಲ್ಲಿ ಈ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೆ ಒಂದು ಕಿಡಿಗೆ ಉರಿಯಬಲ್ಲದು. 100 ಮಿಲಿಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಒಂದು ಘನ ಮೀಟರಿಗಿಂತ ಹೆಚ್ಚು ಗಾಳಿಯನ್ನು ಹೊತ್ತುವಂತೆ ಮಾಡಬಲ್ಲದು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ತೂಕದ್ದು. ಮೇಲೇರಿ ಚದುರುವ ಬದಲು ಚೆಲ್ಲಿದ ನೀರಿನಂತೆ ನೆಲ ಹಿಡಿದು ಹರಡಿ ತಗ್ಗು ಹುಡುಕುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದ ಮನೆಗಳಲ್ಲಿ ಆ ತಗ್ಗು ಎಲ್ಲಿರುತ್ತದೆ ಎಂಬುದನ್ನು ನಿಂತು ನೋಡಬೇಕು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಉಪನಗರದ 20×30, 30×40 ಅಡಿ ನಿವೇಶನಗಳಲ್ಲಿ ಎರಡು ಮೂರು ಮಹಡಿ ಎದ್ದಿವೆ. ನೆಲಮಟ್ಟದಲ್ಲಿ ಉಳಿದ ಜಾಗದಲ್ಲೇ ಮಾಲೀಕರ ಕಾರು, ಬಾಡಿಗೆದಾರರ ಬೈಕುಗಳು, ಮೆಟ್ಟಿಲ ಕೆಳಗೆ ಮೀಟರ್ ಬೋರ್ಡು, ಕೆಲವೆಡೆ ಯುಪಿಎಸ್ ಬ್ಯಾಟರಿ, ಈಚೆಗೆ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್. ನೆಲದಡಿಯಲ್ಲಿ ನೀರಿನ ಸಂಪು. ಬೈಕು ನಿಲ್ಲುವುದು ಎಷ್ಟೋ ಸಲ ಆ ಸಂಪಿನ ಮುಚ್ಚಳದ ಮಗ್ಗುಲಲ್ಲೇ. ಮುಚ್ಚಳದ ಸಂದಿಯಿಂದ ಆವಿ ಒಳಗಿಳಿಯಬಹುದು, ಹೆಚ್ಚು ಸೋರಿದರೆ ಪೆಟ್ರೋಲೇ ಇಳಿಯಬಹುದು. ಕಾವೇರಿ ನೀರು ಬಿಡುವ ದಿನ ನಸುಕಿನಲ್ಲಿ ಯಾರೋ ನಿದ್ದೆಗಣ್ಣಲ್ಲಿ ಬಂದು ಮೋಟರ್ ಸ್ವಿಚ್ ಹಾಕುತ್ತಾರೆ. ಸ್ವಿಚ್ಚಿನೊಳಗೆ ಹುಟ್ಟುವ ಸಣ್ಣ ಕಿಡಿ ಬೇರೆ ದಿನಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಆವಿ ತುಂಬಿದ ದಿನ ಅದೇ ಸಾಕು. ಇಂಥ ಮನೆಗಳ ಇನ್ನೊಂದು ಸಂಗತಿ ಹೆಚ್ಚು ಕಳವಳದ್ದು: ಮೇಲಿನ ಮಹಡಿಗಳ ಏಕೈಕ ಮೆಟ್ಟಿಲು ಇಳಿದು ಬರುವುದು ಈ ಪಾರ್ಕಿಂಗಿಗೇ.

ಸೋರಿಕೆಯನ್ನು ಮೊದಲು ಹಿಡಿಯಬೇಕಾದ್ದು ಮೂಗು, ಆದರೆ ಮೂಗಿಗೆ ಯಾವ ವಾಸನೆಯೂ ಬೇಗ ರೂಢಿಯಾಗಿಬಿಡುತ್ತದೆ. ಕೆಲವೇ ನಿಮಿಷ ಅಲ್ಲಿದ್ದವರಿಗೆ ವಾಸನೆ ಕಡಿಮೆಯಾದಂತೆ ತೋರುತ್ತದೆ, ಆವಿ ಕಡಿಮೆಯಾಗಿರುವುದಿಲ್ಲ. ಹಾಗಾಗಿ ಹೊರಗಿನಿಂದ ಬಂದ ನೆಂಟರೋ ಹಾಲಿನವರೋ "ಏನೋ ಪೆಟ್ರೋಲ್ ವಾಸನೆ ಬರ್ತಿದ್ಯಲ್ಲ" ಎಂದರೆ ಆ ಮಾತನ್ನು ನಂಬಬೇಕು. ಗೇಟು ತೆರೆದು ಒಳಬರುವ ಮೊದಲ ಉಸಿರಿನಲ್ಲೇ ವಾಸನೆ ಗಮನಿಸುವ ಅಭ್ಯಾಸಕ್ಕೆ ಖರ್ಚೇನಿಲ್ಲ.

ಕತ್ತಲಲ್ಲಿ ವಾಸನೆ ಬಂದ ಕೂಡಲೇ ಕೈ ತಾನಾಗಿ ಲೈಟಿನ ಸ್ವಿಚ್ಚಿಗೆ ಹೋಗುತ್ತದೆ. ಅದನ್ನು ತಡೆಯುವುದೇ ಮೊದಲ ಪಾಠ. ಲೈಟು, ಫ್ಯಾನು, ಮೋಟರ್ ಇದ್ದ ಸ್ಥಿತಿಯಲ್ಲೇ ಇರಲಿ. ಉರಿಯುತ್ತಿದ್ದರೆ ಆರಿಸುವುದೂ ಬೇಡ, ಆರಿಸುವಾಗಲೂ ಕಿಡಿ ಹುಟ್ಟುತ್ತದೆ. ಚಾರ್ಜಿಗೆ ಹಾಕಿದ ಸ್ಕೂಟರಿನ ಪ್ಲಗ್ಗನ್ನೂ ಕೀಳಬಾರದು. ಮನೆ ಬಾಗಿಲಲ್ಲಿ, ತುಳಸಿ ಮುಂದೆ ಹಚ್ಚಿದ ದೀಪ ಇನ್ನೂ ದೂರದಲ್ಲಿ, ಆವಿ ಮುಟ್ಟದ ಜಾಗದಲ್ಲಿದ್ದರೆ ಆರಿಸಬೇಕು. ಗೇಟನ್ನು ಅಗಲವಾಗಿ ತೆರೆದು, ಮಕ್ಕಳನ್ನು ದೂರ ಕಳಿಸಿ, ಟಾರ್ಚನ್ನು ರಸ್ತೆಯಲ್ಲೇ ಹೊತ್ತಿಸಿಕೊಂಡು ಒಳಬರಬೇಕು.

ಕಾರ್ಬ್ಯುರೇಟರ್ ಇರುವ ಹಳೆಯ ಬೈಕಾದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕನ್ನು ಆಫ್ ಮಾಡಿದಾಗ ಬಹುಪಾಲು ಸೋರಿಕೆಗಳು ನಿಲ್ಲುತ್ತವೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲಿನ ಬೈಕುಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯಲ್ ಇಂಜೆಕ್ಷನ್. ಅವುಗಳಲ್ಲಿ ಸಾಮಾನ್ಯವಾಗಿ ಕಾಕ್ ಇರುವುದಿಲ್ಲ. ಕೀ ತಿರುಗಿಸಿದೊಡನೆ ಟ್ಯಾಂಕಿನೊಳಗಿನ ಪಂಪು ಓಡಿ ಪೈಪಿಗೆ ಒತ್ತಡ ಕೊಡುವುದರಿಂದ "ಸ್ಟಾರ್ಟ್ ಮಾಡಿ ನೋಡೋಣ" ಎಂಬ ಪ್ರಯೋಗ ಸೋರಿಕೆಯನ್ನು ಹೆಚ್ಚಿಸುತ್ತದೆ. ಎರಡು ಬಗೆಯ ಬೈಕನ್ನೂ ಸ್ಟಾರ್ಟ್ ಮಾಡದೆ, ಇಗ್ನಿಷನ್ ಆನ್ ಮಾಡದೆ, ನ್ಯೂಟ್ರಲ್‌ನಲ್ಲಿ ಮೆಲ್ಲಗೆ ತಳ್ಳಿಕೊಂಡು ಬಯಲಿಗೆ ತರಬೇಕು. ನೆಲದಲ್ಲಿ ಪೆಟ್ರೋಲ್ ಮಡುಗಟ್ಟಿದ್ದರೆ ಬೈಕಿನ ಆಸೆ ಬಿಟ್ಟು, ಎಲ್ಲರೂ ಹೊರಬಂದು 112 ಅಥವಾ 101ಕ್ಕೆ ಕರೆ ಮಾಡುವುದು ಸರಿ. ಸಂಪಿಗೆ ಪೆಟ್ರೋಲ್ ಇಳಿದಿರುವ ಅನುಮಾನವಿದ್ದರೂ ಅಷ್ಟೇ. ಮೋಟರ್ ಮುಟ್ಟಬಾರದು, ಆ ನೀರನ್ನು ಬಳಸಬಾರದು.

ಚೆಲ್ಲಿದ್ದನ್ನು ಬಕೆಟ್ ನೀರು ಹಾಕಿ ತೊಳೆದುಬಿಡುವುದು ಎಲ್ಲರ ಮನಸ್ಸಿಗೆ ಬರುವ ದಾರಿ. ಪೆಟ್ರೋಲ್ ನೀರಿಗಿಂತ ಹಗುರ. ತೇಲುತ್ತ ಇನ್ನಷ್ಟು ಅಗಲಕ್ಕೆ ಹೋಗಿ ಚರಂಡಿ ಸೇರುತ್ತದೆ. ಈ ಬಡಾವಣೆಗಳ ಚರಂಡಿಗಳ ಬಹುಪಾಲು ನೀರು ರಾಜಕಾಲುವೆಗಳ ಮೂಲಕ ವೃಷಭಾವತಿಗೆ ಹೋಗುತ್ತದೆ. ಕೆಂಗೇರಿ ದಾಟಿ ಬೈರಮಂಗಲದ ಕಡೆಗೆ ಹರಿಯುವ ಆ ನದಿ ಹೊತ್ತಿರುವ ಕೊಳೆಯೇ ಸಾಕಷ್ಟಿದೆ. ಒಣಮರಳು ಸುರಿದು ಹೀರಿಸಿ, ಪೊರಕೆಯಿಂದ ಮೆಲ್ಲಗೆ ಗೋರಿ, ಆವಿ ಪೂರ್ತಿ ಹೋಗುವವರೆಗೆ ಬಯಲಲ್ಲಿ ಹರಡಿಡಬೇಕು. ಒರೆಸಿದ ಬಟ್ಟೆಯನ್ನೂ ಹೊರಗೇ ಹರವಿ ಆರಿಸಬೇಕು. ಹಸಿಯಾಗಿದ್ದಾಗ ಅದು ವಾಷಿಂಗ್ ಮಷೀನಿಗೆ ಸೇರಬಾರದು, ಕಸದ ಆಟೋಗೂ ಸೇರಬಾರದು.

ಈ ಭಾಗದಲ್ಲಿ ಸೋರಿಕೆಗೆ ಒಂದು ಕಾರಣ ಮೆಟ್ರೋ ಎಂದರೆ ವಿಚಿತ್ರವೆನಿಸಬಹುದು. 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ರೈಲು ಬಂದ ಮೇಲೆ ದಿನಾ ಓಡುತ್ತಿದ್ದ ಎಷ್ಟೋ ಬೈಕುಗಳಿಗೆ ಮನೆಯಲ್ಲೇ ನಿಲ್ಲುವ ಕಾಲ ಬಂತು. ನಿಂತ ಬೈಕಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆರಿ ಅಂಟು ಕಟ್ಟುತ್ತದೆ. ಫ್ಲೋಟಿನ ಮೇಲಿನ ನೀಡಲ್ ಸಿಕ್ಕಿಕೊಂಡು, ಕಾಕ್ ಆನ್ ಇದ್ದರೆ ಇಡೀ ಟ್ಯಾಂಕು ಓವರ್‌ಫ್ಲೋ ಪೈಪಿನಿಂದ ಇಳಿದುಹೋಗಬಹುದು. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ; ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಪೈಪು, ವಾಷರ್‌ಗಳು ಉಬ್ಬುವುದು, ಬಿರಿಯುವುದು ಸಾಧ್ಯ. ಆರ್‌ಎಕ್ಸ್ 100, ಯೆಜ್ಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಪೇಂಟಿಗೆ ಕೊಡುವ ಗಮನವನ್ನು ಈ ಪೈಪುಗಳಿಗೂ ಕೊಡಬೇಕು.

ರಿಪೇರಿಯಲ್ಲಿ ಮನುಷ್ಯನ ಅವಸರ ಇನ್ನೊಂದು ರೂಪ ತಾಳುತ್ತದೆ. ಟ್ಯಾಂಕಿನ ತೂತಿಗೆ ಸೋಪು ಒತ್ತುವುದು, ಎಂ ಸೀಲ್ ಮೆತ್ತುವುದು ಗ್ಯಾರೇಜು ಸೇರುವವರೆಗಿನ ಉಪಾಯಗಳಷ್ಟೆ. ಅವನ್ನು ನಂಬಿ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಖಾಲಿ ಟ್ಯಾಂಕಿಗೆ ಮನೆ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಿಸುವುದು ಇನ್ನೂ ಕೆಟ್ಟದ್ದು. ಪೆಟ್ರೋಲ್ ಸುರಿದುಹಾಕಿದ ಟ್ಯಾಂಕಿನಲ್ಲಿ ಉಳಿಯುವ ಆವಿ ಸಿಡಿಯಬಲ್ಲದು. ಇಳಿಸಿಕೊಂಡ ಪೆಟ್ರೋಲನ್ನು ನೀರಿನ ಬಾಟಲಿಗೆ ತುಂಬಿ ಮೆಟ್ಟಿಲ ಕೆಳಗಿಡುವ ರೂಢಿಯೂ ಹೋಗಬೇಕು. 1934ರ ಪೆಟ್ರೋಲಿಯಂ ಕಾಯ್ದೆ ಪರವಾನಗಿ ಇಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಇಟ್ಟುಕೊಳ್ಳಲು ಬಿಡುತ್ತದೆ, ಆದರೆ ಬಿಗಿಯಾಗಿ ಮುಚ್ಚಿದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಪಿಂಗಾಣಿಯದಾದರೆ ಒಂದು ಲೀಟರ್ ಮೀರುವಂತಿಲ್ಲ.

ನಾಲಿಗೆಯ ಅಭ್ಯಾಸ ಎಲ್ಲಕ್ಕಿಂತ ಕಷ್ಟದ್ದು. ಬಾಡಿಗೆದಾರರ ಹುಡುಗ ತನ್ನ ಬೈಕು ಸೋರುತ್ತಿದೆ ಎಂದು ಹೇಳಲು ಹಿಂಜರಿಯುತ್ತಾನೆ. ಹೇಳಿದರೆ "ನೆಲವೆಲ್ಲ ಹಾಳು ಮಾಡಿದ್ಯಲ್ಲಪ್ಪ" ಎಂಬ ಬೈಗುಳ, ಮುಂದೆ ಬೈಕನ್ನು ರಸ್ತೆಯಲ್ಲಿ ನಿಲ್ಲಿಸು ಎಂಬ ಅಪ್ಪಣೆ. ಆದ್ದರಿಂದ ರಟ್ಟು ಹಾಸಿ ಕಲೆ ಮುಚ್ಚುತ್ತಾನೆ. ಬೈಗುಳ ಎಲ್ಲಿ ಖಚಿತವೋ ಅಲ್ಲಿ ಸೋರಿಕೆ ಗುಟ್ಟಾಗುತ್ತದೆ. ತಪ್ಪು ಯಾರದೆಂಬ ವಿಚಾರಣೆಯನ್ನು ಬೈಕು ಹೊರಗೆ ಹೋಗುವವರೆಗೆ ತಡೆದಿಡಬಲ್ಲ ಮಾಲೀಕರು, "ಆಂಟಿ, ನನ್ನ ಗಾಡಿ ಸೋರ್ತಿದೆ, ಮೋಟರ್ ಹಾಕ್ಬೇಡಿ" ಎಂದು ನೇರವಾಗಿ ಹೇಳಬಲ್ಲ ಹುಡುಗ, ಇವರಿಬ್ಬರಿದ್ದ ಮನೆಯಲ್ಲಿ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ. ವಿಷಯ ಮೇಲಿನ ಎಲ್ಲ ಮಹಡಿಗೂ ಮುಟ್ಟಬೇಕು, ಏಕೆಂದರೆ ಸ್ವಿಚ್ ಹಾಕುವ ಕೈ ಯಾವ ಮಹಡಿಯಿಂದ ಇಳಿದು ಬರುತ್ತದೋ ಹೇಳಲಾಗದು.

ಬೆಂಕಿ ಹೊತ್ತಿಯೇ ಬಿಟ್ಟರೆ ನೀರು ಎರಚಬಾರದು. ಎಬಿಸಿ ಪೌಡರಿನ ಸಣ್ಣ ಸಿಲಿಂಡರ್ ಗೇಟಿನ ಬಳಿ ನೇತಾಡುತ್ತಿದ್ದರೆ ಆರಂಭದ ಉರಿಗೆ ಉಪಯೋಗ. ಬೈಕಿನ ಹಿಂದಿನ ಗೋಡೆಯಲ್ಲಿದ್ದರೆ ಕೈಗೆ ಸಿಗದು. ಮೇಲಿನವರು ಹೊಗೆ ತುಂಬಿದ ಮೆಟ್ಟಿಲಿಳಿಯದೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಬಾಲ್ಕನಿಯಿಂದ ಕೂಗಿ ನೆರವು ಕರೆಯಬೇಕು.

ದಿನನಿತ್ಯದ ರೂಢಿಗೆ ಬೇಕಾದ್ದು ಸ್ವಲ್ಪವೇ. ಬೈಕು ನಿಲ್ಲಿಸಿದೊಡನೆ ಕಾಕ್ ಆಫ್. ಬಂಕಿನಲ್ಲಿ ಮುಚ್ಚಳ ಮುಟ್ಟುವಷ್ಟು ತುಂಬಿಸದಿರುವುದು; 10 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯೇರಿದರೆ ಸುಮಾರು 190 ಮಿಲಿಲೀಟರ್ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಸಂಪಿನಿಂದ, ಮೀಟರ್ ಬೋರ್ಡಿನಿಂದ ಸಾಧ್ಯವಾದಷ್ಟು ದೂರ ನಿಲ್ಲಿಸುವುದು. ರಿಪೇರಿ ಮುಗಿದ ಬೈಕನ್ನು ಆ ರಾತ್ರಿಯೇ ಒಳಗೆ ತರದೆ ಬಯಲಲ್ಲಿ ರಟ್ಟಿನ ಮೇಲೆ ನಿಲ್ಲಿಸಿ, ಬೆಳಿಗ್ಗೆ ರಟ್ಟು ಒಣಗಿದ್ದು ವಾಸನೆಯೂ ಇಲ್ಲದಿದ್ದರೆ ಮಾತ್ರ ಗೇಟಿನೊಳಗೆ ತರಬೇಕು. ಕಲೆ ಕಂಡರೆ ಅದೇ ದಿನ ಮತ್ತೆ ಗ್ಯಾರೇಜಿಗೆ.