ಹೇಳದೆ ಮುಟ್ಟಬಾರದು

ಅಪ್ಪ ಐಸಿಯುನಲ್ಲಿ ಇದ್ದದ್ದು ಒಟ್ಟು 11 ದಿನ. ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ ಮನೆಯವರಲ್ಲಿ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ಎಲ್ಲ ಸರದಿಯೂ ನನ್ನದೇ ಅಂತ ಹಿಡಿದರೂ ನಾಲ್ಕು ಗಂಟೆ ತುಂಬುವುದಿಲ್ಲ. ಉಳಿದ ಹೊತ್ತೆಲ್ಲ ಅಪ್ಪನ ಪಕ್ಕ ಇದ್ದವರು ನಮಗೆ ಹೆಸರೂ ಗೊತ್ತಿಲ್ಲದ ನರ್ಸ್‌ಗಳು.

ಮೂರನೇ ದಿನ ಸಂಜೆ ನಾನು ಒಳಗೆ ಹೋದಾಗ ಒಬ್ಬ ಸಿಸ್ಟರ್ ಅಪ್ಪನ ಮಗ್ಗುಲು ಬದಲಿಸುತ್ತಿದ್ದರು. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಆಯಾ ಒಂದು ಕಡೆ ಹಿಡಿದಿದ್ದಳು. ಮೆದುಳಿನಲ್ಲಿ ರಕ್ತಸ್ರಾವವಾಗಿ, ಬಾಯಿಯೊಳಗೆ ಟ್ಯೂಬ್ ಹಾಕಿಸಿಕೊಂಡು, ಕಣ್ಣೂ ಬಿಡದೆ ಮಲಗಿದ್ದ ಮನುಷ್ಯನಿಗೆ ಆ ಹುಡುಗಿ ಹೇಳುತ್ತಿದ್ದಳು: ‘ಯಜಮಾನ್ರೇ, ಈಗ ಬಲಗಡೆಗೆ ತಿರುಗಿಸ್ತೀನಿ. ಸ್ವಲ್ಪ ನೋವಾಗಬಹುದು, ಆಯ್ತಾ?’

ನಾನು ಕೇಳಿದೆ, ‘ಅವರಿಗೆ ಕೇಳಿಸುತ್ತಾ ಸಿಸ್ಟರ್?’

‘ಗೊತ್ತಿಲ್ಲ ಸಾರ್.’

‘ಮತ್ತೆ ಯಾಕೆ ಹೇಳ್ತೀರಿ?’

ನಾನೇನೋ ವಿಚಿತ್ರ ಪ್ರಶ್ನೆ ಕೇಳಿದೆ ಅನ್ನೋ ಹಾಗೆ ಒಂದು ಸಲ ನೋಡಿದರು. ‘ಹೇಳದೆ ಮೈ ಮುಟ್ಟಬಾರದಲ್ವಾ ಸಾರ್’ ಅಂದು ದಿಂಬನ್ನು ಅಪ್ಪನ ಬೆನ್ನಿಗೆ ಆನಿಸಿದರು.

ಎರಡು ದಿನದ ಹಿಂದೆ, ರಾತ್ರಿ ಒಂದೂವರೆಗೆ, ಡಾಕ್ಟರು ‘ವೆಂಟಿಲೇಟರ್ ಹಾಕೋಣ್ವಾ? ಬೇಗ ಹೇಳಿ’ ಅಂದಾಗ ಸಹಿ ಮಾಡಿದವನು ನಾನು. ಅಪ್ಪನಿಗೆ 71 ವರ್ಷ. ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದರು. ತೋಟ, ಹಸು, ಬೋರ್‌ವೆಲ್ಲು, ಅಕ್ಕನ ಮಗಳ ಮದುವೆ ಎಲ್ಲದರ ಬಗ್ಗೆ ಮಾತಾಡಿದ್ದೆವು. ‘ಇಂಥ ಹೊತ್ತು ಬಂದರೆ ನಿಮಗೆ ಏನು ಬೇಕು?’ ಅಂತ ಮಾತ್ರ ಒಂದು ದಿನಕ್ಕೂ ಕೇಳಿರಲಿಲ್ಲ. ಹೆತ್ತ ಮಗನಾದ ನಾನು ಹೇಳದೆ ಕೇಳದೆ ಅವರ ಗಂಟಲಿಗೆ ಟ್ಯೂಬ್ ಇಳಿಸಲು ಒಪ್ಪಿದ್ದೆ. ಮೂರು ದಿನದ ಪರಿಚಯದ ಹುಡುಗಿ ಮಗ್ಗುಲು ಬದಲಿಸೋಕೂ ಹೇಳಿ ಮುಟ್ಟುತ್ತಿದ್ದಳು.

ಆಮೇಲೆ ಆಸ್ಪತ್ರೆಯ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಗ ನನಗೆ ನೆನಪಾದದ್ದು ಇಂಜಿನಿಯರಿಂಗ್ ಹಾಸ್ಟೆಲಿನ ಒಂದು ಜಗಳ.

2011ರ ಮಾರ್ಚ್ 7. ಅರುಣಾ ಶಾನಭಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ದಿನ. ನಮ್ಮ ರೂಮಿನಲ್ಲಿ ಹೊನ್ನಾವರದ ಕಡೆಯವನೊಬ್ಬನಿದ್ದ. ‘ಅವರು ನಮ್ಮ ಹಳದೀಪುರದವರು ಮಾರಾಯ’ ಅಂದ. ಹಳದೀಪುರದಿಂದ ಮುಂಬೈಗೆ ಹೋಗಿ, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು ಅರುಣಾ. 1973ರ ನವೆಂಬರ್ 27ರ ಸಂಜೆ ಅದೇ ಆಸ್ಪತ್ರೆಯ ಕಸ ಗುಡಿಸುವವನೊಬ್ಬ ನಾಯಿ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ಆಮ್ಲಜನಕ ನಿಂತುಹೋಯಿತು. ಆಗ ಅವರಿಗೆ 25 ವರ್ಷ. ಅಪರಾಧಿಗೆ ಹಲ್ಲೆ ಮತ್ತು ದರೋಡೆಗೆ 7 ವರ್ಷ ಜೈಲಾಯಿತು, ಅತ್ಯಾಚಾರದ ಪ್ರಕರಣವೇ ದಾಖಲಾಗಲಿಲ್ಲ. ಅರುಣಾ ಮತ್ತೆ ಎದ್ದು ನಡೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ರೋಗಿಯಾಗಿ ಉಳಿದರು.

ಅವರ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಆ ಜೀವಕ್ಕೆ ಬಿಡುಗಡೆ ಕೊಡಿ, ಆಹಾರ ಕೊಡುವುದನ್ನು ನಿಲ್ಲಿಸಲು ಹೇಳಿ ಅಂತ ಕೋರ್ಟಿಗೆ ಹೋದರು. ಆಸ್ಪತ್ರೆಯ ನರ್ಸ್‌ಗಳು ಬೇಡ ಅಂದರು. ನಾವು ನೋಡಿಕೊಳ್ತೀವಿ, ಅವಳು ನಮ್ಮವಳು ಅಂದರು. ಕೋರ್ಟು ನಿಷ್ಕ್ರಿಯ ದಯಾಮರಣಕ್ಕೆ ತಾತ್ವಿಕವಾಗಿ ದಾರಿ ತೆರೆದರೂ ಅರುಣಾ ವಿಷಯದಲ್ಲಿ ಮಾತ್ರ ನರ್ಸ್‌ಗಳ ಮಾತನ್ನೇ ಒಪ್ಪಿತು. ಅವರ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಸಿಬ್ಬಂದಿಯದು ಅಂದಿತು. ವಾರ್ಡಿನಲ್ಲಿ ಸಿಹಿ ಹಂಚಿದರು.

ಇಪ್ಪತ್ತರ ವಯಸ್ಸಿನ ನಾನು ಆ ದಿನ ಕೂಗಾಡಿದ್ದೆ. ಅದೊಂದು ಬದುಕೇನು? ನರ್ಸ್‌ಗಳದು ಬರೀ ಸೆಂಟಿಮೆಂಟು. ಅವರ ಸಮಾಧಾನಕ್ಕೆ ಒಬ್ಬ ಹೆಂಗಸು 37 ವರ್ಷ ನರಳಬೇಕಾ? ಸಿಹಿ ಹಂಚೋ ವಿಷಯಾನಾ ಇದು? ವಾದದಲ್ಲಿ ನಾನೇ ಗೆದ್ದೆ ಅಂತಲೂ ನೆನಪು.

ಆ ತೀರ್ಪಿನ ಸುದ್ದಿಯಲ್ಲಿ ಒಂದು ವಿವರವಿತ್ತು. ಅಷ್ಟು ವರ್ಷದಲ್ಲಿ ಅರುಣಾ ಮೈಮೇಲೆ ಒಂದೂ ಬೆಡ್‌ಸೋರ್ ಆಗಿರಲಿಲ್ಲ. ಅದನ್ನು ಕೋರ್ಟೂ ಮೆಚ್ಚಿಕೊಂಡಿತ್ತು. ಓದಿ ಮುಂದೆ ಹೋಗಿದ್ದೆ. ಅದರ ಅರ್ಥ ಆಗಿದ್ದು ಐಸಿಯುನಲ್ಲಿ.

ನಮ್ಮೂರಲ್ಲಿ ಅದನ್ನು ಹಾಸಿಗೆ ಹುಣ್ಣು ಅಂತಾರೆ. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಸೊಂಟದ ಕೆಳಗೆ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಹೀಗೆ ಮೂಳೆ ಚರ್ಮಕ್ಕೆ ಹತ್ತಿರ ಇರುವ ಕಡೆಯೆಲ್ಲ ಮೈಭಾರ ಒತ್ತಿ ರಕ್ತ ಓಡುವುದು ನಿಲ್ಲುತ್ತದೆ. ಮೊದಲು ಕೆಂಪಾಗುತ್ತದೆ, ಆಮೇಲೆ ಬಾಯಿ ಬಿಡುತ್ತದೆ, ಬಿಟ್ಟರೆ ಮೂಳೆಯವರೆಗೂ ಇಳಿಯುತ್ತದೆ. ನಾವು ನಿದ್ದೆಯಲ್ಲೂ ಹೊರಳುವುದರಿಂದ ನಮಗೆ ಆಗುವುದಿಲ್ಲ. ತಾನಾಗಿ ಹೊರಳಲಾಗದವರನ್ನು ಬೇರೆಯವರು ಹೊರಳಿಸಬೇಕು. ನರ್ಸಿಂಗಿನಲ್ಲಿ ಸಾಮಾನ್ಯವಾಗಿ ಪಾಲಿಸುವ ನಿಯಮ ಎರಡು ಗಂಟೆಗೊಮ್ಮೆ. ಹಬ್ಬವೋ, ಮಧ್ಯರಾತ್ರಿಯೋ, ಮುಂಬೈ ಮುಳುಗುವ ಮಳೆಯೋ, ಎರಡು ಗಂಟೆ ಅಂದರೆ ಎರಡು ಗಂಟೆ.

ಅರುಣಾ ತೀರಿಕೊಂಡದ್ದು 2015ರ ಮೇ 18ಕ್ಕೆ. ದಿನಕ್ಕೆ 12 ಸಲ ಅಂತ ಹಿಡಿದರೆ ಸುಮಾರು 41 ವರೆ ವರ್ಷಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ ಸಲ ಮಗ್ಗುಲು ಬದಲಿಸಿರಬೇಕು. ಊಟ ಮಾಡಿಸಿದ್ದು, ಒರೆಸಿದ್ದು, ಉಗುರು ಕತ್ತರಿಸಿದ್ದು, ಬಟ್ಟೆ ಬದಲಿಸಿದ್ದು ಈ ಲೆಕ್ಕದಲ್ಲಿಲ್ಲ. ನಾನು ‘ಸೆಂಟಿಮೆಂಟು’ ಅಂದದ್ದು ಇದನ್ನು.

ಸೆಂಟಿಮೆಂಟಿಗೆ ಇಷ್ಟು ಆಯಸ್ಸಿರುವುದಿಲ್ಲ. 1973ರಲ್ಲಿ ಅರುಣಾ ಜೊತೆ ಕೆಲಸ ಮಾಡಿದ್ದವರಿಗೆ ಅವರು ಗೆಳತಿ. ಆದರೆ ಆ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ರಿಟೈರ್ ಆಗಿ ಮನೆಗೆ ಹೋದರು. ಕೊನೆಕೊನೆಗೆ ನೋಡಿಕೊಂಡ ಹುಡುಗಿಯರಲ್ಲಿ ಎಷ್ಟೋ ಜನ ಆ ಘಟನೆ ನಡೆದಾಗ ಹುಟ್ಟಿಯೇ ಇರಲಿಲ್ಲ. ಅರುಣಾ ನಕ್ಕದ್ದನ್ನು, ಜಗಳ ಆಡಿದ್ದನ್ನು ನೋಡಿದವರಲ್ಲ. ಆದರೂ ಹುಟ್ಟುಹಬ್ಬ ಮಾಡುತ್ತಿದ್ದರು. ಎಂಬತ್ತರ ದಶಕದಲ್ಲಿ ಮುಂಬೈ ಪಾಲಿಕೆ ಅವರನ್ನು ಬೇರೆಡೆ ಸಾಗಿಸಿ ಹಾಸಿಗೆ ಖಾಲಿ ಮಾಡಿಸಲು ಹೊರಟಾಗ ನರ್ಸ್‌ಗಳು ಪ್ರತಿಭಟಿಸಿ ತಡೆದರು.

ಪ್ರೀತಿ ಇದ್ದರೆ ಸೇವೆ ತಾನಾಗೇ ಬರುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಕೆಇಎಂನಲ್ಲಿ ಆದದ್ದು ತಿರುಗಾಮುರುಗಾ ಇರಬೇಕು. ಮೊದಲು ಡ್ಯೂಟಿ ಚಾರ್ಟಿನಲ್ಲಿ ಹೆಸರು ಬಂತು. ಕೈ ಕೆಲಸ ಮಾಡಿತು. ದಿನಾ ಮಾಡಿ ಮಾಡಿ ಆ ಕೈಗೆ ಅವಳು ನಮ್ಮವಳು ಅನ್ನಿಸಿತು. ನನಗೋ ಅಪ್ಪನ ಮೇಲೆ ಪ್ರೀತಿಗೇನೂ ಕಡಿಮೆ ಇರಲಿಲ್ಲ. ಕೈ ಮಾತ್ರ ಮೊಬೈಲಿನಲ್ಲಿ ಇನ್ಶೂರೆನ್ಸ್ ಕಾಗದ ಕಳಿಸುವುದರಲ್ಲಿತ್ತು.

ಹಾಗಂತ ನರ್ಸ್‌ಗಳೇ ಸರಿ, ವಿರಾನಿ ತಪ್ಪು ಅಂತ ಈಗಲೂ ಹೇಳಲಾರೆ. ನೋಡಿಕೊಂಡ ಕೈಗೆ ಮಾತಾಡುವ ಹಕ್ಕು ಖಂಡಿತ ಇದೆ. ಅಷ್ಟರಿಂದ ಅರುಣಾಗೆ ಏನು ಬೇಕಿತ್ತು ಅನ್ನೋದು ತಿಳಿದಂತಾಗುವುದಿಲ್ಲ. ‘ಇದು ಯಾರಿಗೋಸ್ಕರ? ಅವಳಿಗೋ, ನಿಮಗೋ?’ ಅನ್ನುವ ಪ್ರಶ್ನೆ ಕ್ರೂರವಾಗಿ ಕೇಳಿಸಿದರೂ ನ್ಯಾಯವಾದದ್ದು. ಅದನ್ನು ನನಗೆ ಕೇಳಿಕೊಂಡಾಗ ಬಂದ ಉತ್ತರ ಚೆನ್ನಾಗಿರಲಿಲ್ಲ. ಆ ರಾತ್ರಿ ಸಹಿ ಮಾಡುವಾಗ ನನ್ನ ತಲೆಯಲ್ಲಿ ಅಪ್ಪ ಇರಲಿಲ್ಲ. ಊರಿನ ಅರಳಿಕಟ್ಟೆ ಇತ್ತು. ‘ಬೆಂಗಳೂರಲ್ಲಿ ಲಕ್ಷಗಟ್ಟಲೆ ದುಡೀತಾನೆ, ಅಪ್ಪನ್ನ ಉಳಿಸ್ಕೊಳ್ಳೋಕೆ ಕೈ ಬರಲಿಲ್ಲ’ ಅನ್ನುವ ಮಾತಿತ್ತು. ಹದಿನೈದು ದಿನಕ್ಕೊಮ್ಮೆ ಊರಿಗೆ ಬರ್ತೀನಿ ಅಂದವನು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆ ಬಾಕಿಯನ್ನೆಲ್ಲ ವೆಂಟಿಲೇಟರ್ ಬಿಲ್ಲಿನಲ್ಲಿ ತೀರಿಸಲು ಹೊರಟಿದ್ದೆ. ಕೆಇಎಂ ನರ್ಸ್‌ಗಳಿಗೆ ಅಂಥ ಬಾಕಿಯೇನೂ ಇರಲಿಲ್ಲ.

ಒಂಬತ್ತನೇ ದಿನ ಡಾಕ್ಟರು ಕರೆಸಿ, ಕಿಡ್ನಿಯೂ ನಿಲ್ಲುತ್ತಿದೆ, ಡಯಾಲಿಸಿಸ್ ಮಾಡಿದರೂ ಪ್ರಯೋಜನ ಕಾಣುವುದಿಲ್ಲ ಅಂದರು. ಅಮ್ಮ, ಅಕ್ಕ, ಚಿಕ್ಕಪ್ಪ, ನಾನು ಕೂತು ಬೇಡ ಅಂತ ತೀರ್ಮಾನಿಸಿದೆವು. ಚಿಕ್ಕಪ್ಪ ‘ಇನ್ನೇನೂ ಮಾಡೋಕಿಲ್ಲ ಬಿಡಪ್ಪ’ ಅಂತ ಹೆಗಲ ಮೇಲೆ ಕೈ ಇಟ್ಟರು. ಸಂಜೆ ಒಳಗೆ ಹೋದೆ. ಅದೇ ಸಿಸ್ಟರ್ ಅಪ್ಪನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದರು. ಒಣಗಿ ಸಿಪ್ಪೆ ಎದ್ದಿತ್ತು. ‘ಯಜಮಾನ್ರೇ, ಮಗ ಬಂದಿದ್ದಾರೆ ನೋಡಿ. ಈಗ ಎಡಗಡೆಗೆ ತಿರುಗಿಸ್ತೀನಿ.’

ಇನ್ನೇನೂ ಮಾಡೋಕಿಲ್ಲ ಅಂತ ಡಾಕ್ಟರು ಹೇಳಬಹುದು, ಮನೆಯವರು ಹೇಳಬಹುದು. ಹಾಸಿಗೆಯ ಪಕ್ಕ ನಿಂತವರಿಗೆ ಆ ಮಾತು ಲಭ್ಯವಿಲ್ಲ. ಮಾಡೋಕೆ ಇನ್ನೂ ಇದ್ದೇ ಇತ್ತು: ತುಟಿ, ಕಣ್ಣು, ಬೆನ್ನು, ಒದ್ದೆಯಾದ ಬಟ್ಟೆ. ಚಿಕಿತ್ಸೆ ಬೇಕಾ ಬೇಡವಾ ಅನ್ನುವ ಜಗಳ ಹೇಗೇ ಮುಗಿಯಲಿ, ಆರೈಕೆಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ದೊಡ್ಡ ಮಟ್ಟದಲ್ಲಿ ಹೇಳಿಕೊಟ್ಟ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಡಾಕ್ಟರಾಗುವ ಮೊದಲು ನರ್ಸ್ ಆಗಿದ್ದವರು. 1967ರಲ್ಲಿ ಅವರು ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಇಂದಿನ ಹಾಸ್ಪೈಸ್‌ಗಳಿಗೆಲ್ಲ ಮೂಲ. ನಮ್ಮ ಮಾರತ್ತಹಳ್ಳಿಯ ಹತ್ತಿರ, ಟ್ರಾಫಿಕ್ಕಿನಲ್ಲಿ ಹಾರ್ನ್ ಹೊಡೆಯುತ್ತ ನಾವು ದಾಟುವ ರಸ್ತೆಯಲ್ಲೇ ‘ಕರುಣಾಶ್ರಯ’ ಇದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಎಷ್ಟೋ ವರ್ಷ ಆ ಬೋರ್ಡು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಹನ್ನೊಂದನೇ ದಿನ ಬೆಳಗಿನ ಜಾವ ಅಪ್ಪ ಹೋದರು. ನಾವು ಒಳಗೆ ಹೋಗುವಷ್ಟರಲ್ಲಿ ಟ್ಯೂಬ್ ತೆಗೆದು, ಮುಖ ಒರೆಸಿ, ತಲೆ ಬಾಚಿದ್ದರು. ಬೈತಲೆ ಮಾತ್ರ ಬಲಗಡೆ ತೆಗೆದಿದ್ದರು. ಅಪ್ಪ ಎಡಗಡೆ ತೆಗೀತಿದ್ದದ್ದು. ಅಮ್ಮ ಅದನ್ನು ಸರಿ ಮಾಡಿದಳು. ಅವಳ ಕೈಗೆ ಸಿಕ್ಕ ಕೊನೆಯ ಕೆಲಸ ಅದೊಂದೇ.

ತಿಥಿ ಮುಗಿದ ಮೇಲೆ ಡಿಸ್ಚಾರ್ಜ್ ಕಾಗದಕ್ಕೆ ಮತ್ತೆ ಆ ಆಸ್ಪತ್ರೆಗೆ ಹೋಗಿದ್ದೆ. ಐಸಿಯು ಬಾಗಿಲ ಹತ್ತಿರ ಅದೇ ಸಿಸ್ಟರ್ ಸಿಕ್ಕರು. ‘ಕಾರ್ಯ ಎಲ್ಲ ಆಯ್ತಾ ಸಾರ್? ಅಮ್ಮ ಊಟ ಮಾಡ್ತಿದ್ದಾರಾ?’ ಅಂದರು. ನನಗೇನೋ ಕೇಳಬೇಕು ಅನ್ನಿಸಿ, ‘ನಿಮಗೆ ಇದೆಲ್ಲ ಅಭ್ಯಾಸ ಆಗಿಬಿಟ್ಟಿರುತ್ತೆ ಅಲ್ವಾ?’ ಅಂದೆ.

‘ಕೆಲಸ ಅಭ್ಯಾಸ ಆಗುತ್ತೆ ಸಾರ್. ನಿಮ್ಮ ತಂದೆಯವರು ಹೋದಾಗ ನನ್ನದು ನೈಟ್ ಡ್ಯೂಟಿ. ಒಂಬತ್ತು ಗಂಟೆಗೆಲ್ಲ ಆ ಬೆಡ್ಡಿಗೆ ಬೇರೆ ಪೇಷಂಟ್ ಬಂದ್ರು. ಮನೆಗೆ ಹೋಗಿ ಮಲಗಿದ್ರೂ ಎರಡು ಗಂಟೆಗೊಂದು ಸಲ ಎಚ್ಚರ ಆಗ್ತಿತ್ತು.’ ಅಷ್ಟು ಹೇಳಿ ಒಳಗೆ ಹೋದರು.

ನಮಗೆ 11 ದಿನದ ಸೂತಕ ಇದೆ, ರಜೆ ಇದೆ, ಅಳಲು ನೆಂಟರಿದ್ದಾರೆ. ಅವರ ದುಃಖಕ್ಕೆ ಇಷ್ಟೇ ಜಾಗ, ಒಂದು ಶಿಫ್ಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ. ಅರುಣಾ ತೀರಿಕೊಂಡಾಗ ಬಂಧುಗಳು ಬಂದರು. ಇಷ್ಟು ವರ್ಷ ಎಲ್ಲಿದ್ದಿರಿ ಅಂತ ನರ್ಸ್‌ಗಳು ಸಿಟ್ಟಾದರು ಅನ್ನುವ ಸುದ್ದಿ ಓದಿದ್ದೆ. ಆಗ ಅದು ಅತಿ ಅನ್ನಿಸಿತ್ತು. ನನ್ನನ್ನೂ ಯಾರಾದರೂ ಹಾಗೆ ಕೇಳಿದ್ದರೆ ಒಳ್ಳೆಯದಿತ್ತು ಅಂತ ಈಗ ಅನ್ನಿಸುತ್ತೆ.

ಅರುಣಾರನ್ನು ಕೇಳುವ ಅವಕಾಶ ಯಾರಿಗೂ ಇರಲಿಲ್ಲ. ನಮಗಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಲಿವಿಂಗ್ ವಿಲ್ಲಿಗೆ ಮಾನ್ಯತೆ ಕೊಟ್ಟಿತು. ನನಗೆ ಗುಣವಾಗುವ ಆಸೆ ಇಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಬುದ್ಧಿ ಸರಿಯಿದ್ದಾಗಲೇ ಬರೆದಿಡಬಹುದು. 2023ರಲ್ಲಿ ಅದರ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಕಾಗದ ಸುಲಭ. ಕಷ್ಟ ಇರೋದು ಬಾಯಿ ಬಿಟ್ಟು ಕೇಳೋದರಲ್ಲಿ. ‘ಬಿಡ್ತು ಅನ್ನು’ ಅಂತ ಗದರುವ ಮನೆಗಳು ನಮ್ಮವು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಮ್ಮ ಅವರೆಕಾಳು ಹಿಸುಕುತ್ತ ಕೂತಿದ್ದಳು. ನಾನೂ ಕೂತು ನಾಲ್ಕು ಕಾಳು ಹಿಸುಕಿ, ಧೈರ್ಯ ಮಾಡಿ ಕೇಳಿದೆ. ‘ಅಮ್ಮ, ನಾಳೆ ನಿಂಗೂ ಅಪ್ಪನ ಥರ ಆದ್ರೆ ಏನು ಮಾಡ್ಲಿ?’

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಕೈ ನಿಲ್ಲಿಸಲಿಲ್ಲ. ‘ಆ ಪೈಪು ಗೀಪು ಬೇಡ ಕಣೋ. ನಿಮ್ಮಪ್ಪನ ಬಾಯಿ ನೋಡಿದ್ನಲ್ಲ’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಬಾಯಿಗೆ ನೀರು ಬಿಡೋಕೆ ಒಬ್ರು ಇರ್ಲಿ. ಫೋನ್ ಮಾಡಿ ಹೇಗಿದ್ದಾಳೆ ಅಂತ ಕೇಳೋನಲ್ಲ, ಪಕ್ಕದಲ್ಲಿ ಇರೋನು.’

ಮೊದಲನೆಯದನ್ನು ಬರೆಸಿ ನೋಟರಿ ಮಾಡಿಸಿದ್ದೇನೆ. ಎರಡನೆಯದಕ್ಕೆ ಸಾಕ್ಷಿಗಳ ಸಹಿಯಿಂದ ಏನೂ ಆಗುವುದಿಲ್ಲ. ಈಗ ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತಿದ್ದೇನೆ. ಅಮ್ಮನ ಕಾಲು ನೋವಿಗೆ ಎಣ್ಣೆ ಹಚ್ಚುವುದು ಕಲಿತಿದ್ದೇನೆ. ಶುರು ಮಾಡುವ ಮೊದಲು, ಅವಳು ಎಚ್ಚರವಾಗಿ ಕೂತು ನನ್ನನ್ನೇ ನೋಡುತ್ತಿದ್ದರೂ, ಹೇಳುತ್ತೇನೆ: ‘ಅಮ್ಮ, ಎಡಗಾಲು ಹಿಡ್ಕೋತೀನಿ.’

‘ಹೂಂ, ಹಿಡ್ಕೊಳೋ. ಹೇಳೋದೇನು ಅದರಲ್ಲಿ’ ಅಂತಾಳೆ.